ಸೂಪರ್‌ಸೀಡಿಗೆ ಎಸ್ಸೋ ಸಿಯೋ?

(ಪುತ್ತೂರಿನ ಒಂದು ವಕೀಲರ ಕಚೇರಿ. ಕೋರ್ಟು ಮುಗಿದ ಮೇಲೆ ಒಂದು ರಿಟ್ ಅರ್ಜಿಯ ಕರಡನ್ನು ಮುಂದಿಟ್ಟುಕೊಂಡು ಸೀನಿಯರ್ ಮತ್ತು ಜೂನಿಯರ್ ನಡುವೆ ನಡೆದ ಮಾತು.)

ಸೀನಿಯರ್: ನಿನ್ನ ಡ್ರಾಫ್ಟ್ ಓದಿದೆ. ಗ್ರೌಂಡ್ಸ್ ಚೆನ್ನಾಗಿ ಬಂದಿದೆ. ಆದರೆ ಈ ಸೂಪರ್‌ಸೀಡ್ ಅನ್ನುವ ಶಬ್ದಕ್ಕೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಿ ಹಾಕಿದ್ದೀಯಲ್ಲ ಮಾರಾಯ್ತಿ. ಅದು ಎಸ್.

ಜೂನಿಯರ್: ಎಸ್ಸಾ? ಸೂಪರ್ ಆದ ಮೇಲೆ ಸಿ-ಇ-ಡಿ-ಇ ಅಲ್ವಾ ಸರ್? ಪ್ರಿಸೀಡ್, ಕನ್ಸೀಡ್, ರಿಸೀಡ್, ಇಂಟರ್‌ಸೀಡ್ ಎಲ್ಲದಕ್ಕೂ ಸಿಯೇ ಉಂಟಲ್ಲ.

ಸೀನಿಯರ್: ಅವಕ್ಕೆಲ್ಲ ಸಿ ಹೌದು. ಎಕ್ಸೀಡ್, ಪ್ರೊಸೀಡ್, ಸಕ್ಸೀಡ್ ಈ ಮೂರಕ್ಕೆ ಮಾತ್ರ ಸಿ ಆದ ಮೇಲೆ ಎರಡು ಇ. ಉಳಿದವು ನೀನು ಹೇಳಿದ ಹಾಗೆ. ಎಸ್-ಇ-ಡಿ-ಇ ಎಂದು ಮುಗಿಯುವ ಶಬ್ದ ಇಂಗ್ಲಿಷಿನಲ್ಲಿ ಇದೊಂದೇ.

ಜೂನಿಯರ್: ಹಾಗಾದರೆ ತಪ್ಪಿದ್ದು ನಾನಲ್ಲ ಸರ್, ಆ ಶಬ್ದವೇ ಜಾತಿ ಬಿಟ್ಟು ಹೋಗಿ ಕೂತಿದೆ. ಕಂಪ್ಯೂಟರ್ ಕೆಂಪು ಗೆರೆ ಎಳೆದಿತ್ತು, ಅದೂ ನಿಜ. ಆದರೆ ಅದು ಪುತ್ತೂರಿಗೂ ಎಳೆಯುತ್ತದೆ, ಅರ್ಜಿದಾರರ ಹೆಸರಿಗೂ ಎಳೆಯುತ್ತದೆ, ಅವರ ತಂದೆಯ ಹೆಸರಿಗೂ ಎಳೆಯುತ್ತದೆ. ಪುಟವಿಡೀ ಕೆಂಪಾದ ಮೇಲೆ ಯಾವುದನ್ನು ನಂಬುವುದು?

ಸೀನಿಯರ್: ಅದೂ ಸರಿಯೇ.

ಜೂನಿಯರ್: ಮತ್ತೆ, ಈಗ ಮೊಬೈಲಿನಲ್ಲಿ ನೋಡಿದೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿ ಸಿ ಇರುವ ರೂಪವೂ ಉಂಟು.

ಸೀನಿಯರ್: ಉಂಟು, ಆದರೆ ಅದರ ಜೊತೆಗಿರುವ ಟಿಪ್ಪಣಿಯನ್ನೂ ಓದಬೇಕಲ್ಲ. ಬಹಳ ಜನ ಇದನ್ನು ತಪ್ಪೆಂದೇ ತಿಳಿಯುತ್ತಾರೆ ಎಂದು ಅವರೇ ಬರೆದಿದ್ದಾರೆ. ನಿಘಂಟಿನವರು ಬಾಗಿಲು ಕಾಯುವವರಲ್ಲ, ಒಳಗೆ ಬಂದವರ ಹೆಸರು ಬರೆದುಕೊಳ್ಳುವವರು. ಹಾಗೆ ನೋಡಿದರೆ ನಿನ್ನ ಸಿಗೆ ವಯಸ್ಸೂ ಆಗಿದೆ. ಮಧ್ಯಯುಗದ ಲ್ಯಾಟಿನ್ ಬರಹದಲ್ಲಿಯೇ ಅದು ನುಸುಳಿತ್ತು, ಹಳೆಯ ಫ್ರೆಂಚಿಗೂ ಸಿ ಹೊತ್ತುಕೊಂಡೇ ಹೋಯಿತು. ಇಂಗ್ಲಿಷಿನವರೂ 16ನೇ ಶತಮಾನದಿಂದ ಆಗಾಗ ಹಾಗೆ ಬರೆಯುತ್ತಾ ಬಂದಿದ್ದಾರೆ. ಇ ಅಕ್ಷರದ ಮುಂದೆ ಬಂದಾಗ ಸಿಗೂ ಎಸ್‌ಗೂ ಫ್ರೆಂಚಿನಲ್ಲಿ ಒಂದೇ ಉಚ್ಚಾರ. ಕಿವಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಕೈ ಎಂತ ಮಾಡೀತು?

ಜೂನಿಯರ್: ನಾಲ್ಕೈದು ಶತಮಾನದ ತಪ್ಪಿಗೆ ಅಡ್ವರ್ಸ್ ಪೊಸೆಷನ್ ಸಿಗುವುದಿಲ್ಲವಾ ಸರ್? ಹನ್ನೆರಡು ವರ್ಷ ಸಾಕಲ್ಲ ನಮ್ಮಲ್ಲಿ.

ಸೀನಿಯರ್: ಒಳ್ಳೆಯ ಶಬ್ದ ಎತ್ತಿದೆ ನೋಡು. ಪೊಸೆಷನ್ ಬರೆಯುವಾಗ ಎಷ್ಟು ಎಸ್ ಹಾಕುತ್ತೀ?

ಜೂನಿಯರ್: ನಾಲ್ಕು. ಅದರಲ್ಲಿ ನಾನು ತಪ್ಪುವುದಿಲ್ಲ, ದಿನಾ ಬರೆಯುವ ಶಬ್ದ.

ಸೀನಿಯರ್: ಸೆಷನ್ಸ್ ಕೋರ್ಟು?

ಜೂನಿಯರ್: ಅದೂ ಎಸ್.

ಸೀನಿಯರ್: ಆ ಎರಡೂ ಸೂಪರ್‌ಸೀಡಿನ ದಾಯಾದಿಗಳು. ಲ್ಯಾಟಿನಿನಲ್ಲಿ ಸೆದೇರೆ ಅಂದರೆ ಕುಳಿತುಕೊಳ್ಳುವುದು. ಜಡ್ಜು ಬಂದು ಕೂತರೆ ಸೆಷನ್. ಜಾಗದ ಮೇಲೆ ಒಡೆಯನಾಗಿ ಕೂತರೆ ಪೊಸೆಷನ್. ಮುಂದೆ ಕೂತವ ಪ್ರೆಸಿಡೆಂಟ್. ಮೇಲೆ ಕೂತದ್ದು ಸೂಪರ್‌ಸೀಡ್. ಸೂಪರ್ ಅಂದರೆ ಮೇಲೆ, ಸೀಡ್ ಅಂದರೆ ಕೂರುವುದು. ಸಿ ಇರುವ ಸೀಡ್ ಬೇರೆಯೇ ಮನೆಯದು. ಅದು ಸೆದೇರೆ ಅಲ್ಲ, ಸಿಯಿಂದ ಶುರುವಾಗುವ ಕೇದೇರೆ. ಅದರ ಅರ್ಥ ಹೋಗುವುದು, ಬಿಟ್ಟುಕೊಡುವುದು. ಮುಂದೆ ಹೋದರೆ ಪ್ರೊಸೀಡ್, ಹಿಂದೆ ಸರಿದರೆ ರಿಸೀಡ್, ಎದುರು ಪಾರ್ಟಿ ಹೇಳಿದ್ದನ್ನು ಒಪ್ಪಿ ಬಿಟ್ಟುಕೊಟ್ಟರೆ ಕನ್ಸೀಡ್. ನೀನು ಸಿ ಹಾಕಿದ್ದೇ ತಡ, ಕೂತಿದ್ದವನು ಎದ್ದು ಹೊರಟ ಹಾಗಾಯಿತು.

ಜೂನಿಯರ್: ಕೂರುವುದಕ್ಕೆ ಎಸ್, ಹೋಗುವುದಕ್ಕೆ ಸಿ.

ಸೀನಿಯರ್: ಲ್ಯಾಟಿನ್ ತನಕವೂ ಹೋಗಬೇಕಾಗಿಲ್ಲ. ಸಂಸ್ಕೃತದ ಸದ್ ಧಾತು ಅದೇ ಮೂಲದ್ದು. ಸದನ, ಸದಸ್ಯ, ಸಂಸತ್ತು, ಪರಿಷತ್ತು ಎಲ್ಲ ಕೂರುವವರ ಶಬ್ದಗಳೇ. ಗುರುವಿನ ಹತ್ತಿರ ಕೂರುವುದರಿಂದ ಉಪನಿಷತ್ತು. ಸದಸ್ಯ ಎಂದು ಬರೆಯುವಾಗ ಯಾವ ಸ ಎಂದು ನೀನು ಯೋಚಿಸುತ್ತೀಯಾ?

ಜೂನಿಯರ್: ಇಲ್ಲ. ಆದರೆ ಸರ್, ಸೂಪರ್ ಅಂದರೆ ಮೇಲೆ ಅಂತ ನೀವು ಹೇಳಿದಾಗ ನನಗೆ ಮೊದಲು ನೆನಪಾದದ್ದು ಜೇನು ಪೆಟ್ಟಿಗೆ. ನಮ್ಮ ಮನೆಯಲ್ಲಿ ತೋಟದ ಬದಿಗೆ ಪೆಟ್ಟಿಗೆಗಳನ್ನು ಇಟ್ಟಿದ್ದೇವೆ, ತುಡುವೆ ಜೇನಿನವು. ಕೆಳಗಿನ ಕೋಣೆಯಲ್ಲಿ ಮೊಟ್ಟೆ, ಮರಿ. ಅದರ ಮೇಲೆ ತುಪ್ಪಕ್ಕೆಂದು ಇಡುವ ಚಿಕ್ಕ ಕೋಣೆಗೆ ಅಪ್ಪ ಹೇಳುವುದೇ ಸೂಪರ್ ಅಂತ. ಹೂವಿನ ಕಾಲ ಬಂದರೆ, ಸೂಪರ್ ಇಟ್ಟಾಯ್ತಾ ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ.

ಸೀನಿಯರ್: ಅದೇ ಸೂಪರ್! ಜೇನು ಸಾಕುವವರಲ್ಲಿ ಸೂಪರ್‌ಸೀಜರ್ ಅಂತ ಒಂದು ಶಬ್ದ ಉಂಟು, ಕೇಳಿದ್ದೀಯಾ? ಅದನ್ನೂ ಎಸ್ ಹಾಕಿಯೇ ಬರೆಯುವುದು.

ಜೂನಿಯರ್: ಶಬ್ದ ಕೇಳಿಲ್ಲ. ರಾಣಿ ಬದಲಾಯಿಸುವುದಾ?

ಸೀನಿಯರ್: ಅದೇ.

ಜೂನಿಯರ್: ಅದನ್ನು ಕಣ್ಣಾರೆ ನೋಡಿದ್ದೇನೆ. ರಾಣಿಗೆ ವಯಸ್ಸಾಗಿ ಮೊಟ್ಟೆ ಇಡುವುದು ಕಡಿಮೆಯಾದರೆ ಕೆಲಸಗಾರ ನೊಣಗಳೇ ಹೊಸ ರಾಣಿಗೆ ಕೋಶ ಕಟ್ಟುತ್ತವೆ. ಕುಟುಂಬ ಪಾಲಾಗುವಾಗಲೂ ರಾಣಿಕೋಶ ಕಟ್ಟುತ್ತವೆ, ಆದರೆ ಅವು ಎರಿಯ ಕೆಳ ಅಂಚಿನಲ್ಲಿ ಸಾಲಾಗಿ ನೇತಾಡುತ್ತಿರುತ್ತವೆ. ಮುದಿ ರಾಣಿಯ ಬದಲಿಗೆ ಎಂದು ಕಟ್ಟುವ ಕೋಶ ಒಂದೋ ಎರಡೋ, ಅದೂ ಹೆಚ್ಚಾಗಿ ಎರಿಯ ನಡುಮೈಯಲ್ಲಿ. ಚೌಕಟ್ಟು ಎತ್ತಿ ನೋಡಿದ ಕೂಡಲೇ ಅಪ್ಪ ಹೇಳುತ್ತಾರೆ, ಇದು ಪಾಲಾಗುವುದಲ್ಲ, ಅಜ್ಜಿಯನ್ನು ಇಳಿಸುವ ಏರ್ಪಾಡು ಅಂತ. ಕೆಲವೊಮ್ಮೆ ಹೊಸ ರಾಣಿ ಮೊಟ್ಟೆ ಇಡಲು ಶುರು ಮಾಡಿದ ಮೇಲೂ ಹಳೆಯದು ಒಂದಷ್ಟು ದಿನ ಅದೇ ಎರಿಯಲ್ಲಿ ಓಡಾಡಿಕೊಂಡಿರುತ್ತದೆ. ಯಾರೂ ಓಡಿಸುವುದಿಲ್ಲ.

ಸೀನಿಯರ್: ಸೂಪರ್‌ಸೀಡಿನ ಸರಿಯಾದ ಅರ್ಥ ಅದರಲ್ಲಿಯೇ ಉಂಟು ನೋಡು. ಪಾಲಾಗುವಾಗ ಹಳೆ ರಾಣಿ ಒಂದಷ್ಟು ನೊಣ ಕಟ್ಟಿಕೊಂಡು ಹೊರಟು ಹೋಗುತ್ತದೆ. ಅದು ನಿನ್ನ ಸಿ. ಇಲ್ಲಿ ಯಾರೂ ಹೋಗುವುದಿಲ್ಲ. ಕೂತಲ್ಲಿಗೇ ಇನ್ನೊಬ್ಬರು ಬಂದು ಕೂರುತ್ತಾರೆ. ಬರೇ ರದ್ದು ಮಾಡುವುದು ಬೇರೆ, ಸೂಪರ್‌ಸೀಡ್ ಮಾಡುವುದು ಬೇರೆ. ರದ್ದು ಮಾಡಿದರೆ ಕುರ್ಚಿ ಖಾಲಿಯೂ ಬಿದ್ದಿರಬಹುದು. ಇಲ್ಲಿ ಹಳೆಯದರ ಜಾಗಕ್ಕೆ ಹೊಸದು ಬರಲೇಬೇಕು.

ಜೂನಿಯರ್: ಗೆಜೆಟಿನಲ್ಲಿ ಇನ್ ಸೂಪರ್‌ಸೆಷನ್ ಆಫ್ ಅಂತ ಬರುತ್ತದಲ್ಲ, ಅದು?

ಸೀನಿಯರ್: ಅದು ಪೂರ್ತಿ ಬರುವುದು ಹೇಗೆ ಹೇಳು. ಇಂಥ ತಾರೀಖಿನ ಅಧಿಸೂಚನೆಯನ್ನು ಸೂಪರ್‌ಸೀಡ್ ಮಾಡಿ, ಆದರೆ ಹಾಗೆ ಮಾಡುವುದಕ್ಕೆ ಮೊದಲು ಮಾಡಿದ ಅಥವಾ ಮಾಡದೆ ಬಿಟ್ಟ ಸಂಗತಿಗಳನ್ನು ಹೊರತುಪಡಿಸಿ, ಅಂತ. ಎಷ್ಟು ವರ್ಷದಿಂದ ಓದುತ್ತಿದ್ದೇವೆ, ಕಣ್ಣು ಅದರ ಮೇಲೆ ಜಾರಿ ಹೋಗುತ್ತದೆ. ಆದರೆ ಕಕ್ಷಿದಾರನ ಹಣ ಇರುವುದು ಆ ಸಾಲಿನಲ್ಲಿಯೇ. ಹಳೆ ಅಧಿಸೂಚನೆ ಇದ್ದಾಗ ಸಿಕ್ಕಿದ ರಿಯಾಯಿತಿ, ಕಟ್ಟಿದ ತೆರಿಗೆ, ತೆಗೆದುಕೊಂಡ ಪರವಾನಿಗೆ ಯಾವುದಕ್ಕೂ ಹೊಸದು ಕೈ ಹಾಕುವ ಹಾಗಿಲ್ಲ. ಹಳೆಯದು ತನ್ನ ಕಾಲದಲ್ಲಿ ಕೂತಿದ್ದದ್ದು ನಿಜ ಎಂದು ಒಪ್ಪಿಕೊಂಡೇ ಹೊಸದು ಕೂರುತ್ತದೆ. ಹಿಂದಿಯವರು ಇದಕ್ಕೆ ಅಧಿಕ್ರಮಣ ಅನ್ನುತ್ತಾರೆ. ಕ್ರಮಣ ಅಂದರೆ ಹೆಜ್ಜೆ ಇಟ್ಟು ಹೋಗುವುದಲ್ಲವಾ? ಅವರು ಅನುವಾದದಲ್ಲಿಯೇ ಸಿ ಹಾಕಿಬಿಟ್ಟರು!

ಜೂನಿಯರ್: ಸರ್, ಸೂಪರ್‌ಸೀಡಿಗೆ ಮೊದಲಿಂದಲೂ ಇದೇ ಅರ್ಥವಾ?

ಸೀನಿಯರ್: ಅಲ್ಲ. ಲ್ಯಾಟಿನಿನವರು ಒಂದು ಕೆಲಸದ ಮೇಲೆ ಕೂರುವುದು ಅಂದರೆ ಅದನ್ನು ಮಾಡದೆ ಬಿಡುವುದು ಎಂದು ತಿಳಿಯುತ್ತಿದ್ದರು. ನಮ್ಮಲ್ಲಿ ಫೈಲಿನ ಮೇಲೆ ಕೂತಿದ್ದಾನೆ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಸ್ಕಾಟ್ಲೆಂಡಿನವರು 15ನೇ ಶತಮಾನದ ಕೊನೆಗೆ ಈ ಶಬ್ದವನ್ನು ಮುಂದೂಡುವುದು ಎಂಬ ಅರ್ಥದಲ್ಲಿ ಬಳಸುತ್ತಿದ್ದರು. ಇಂಗ್ಲೆಂಡಿನ ಕೋರ್ಟುಗಳಲ್ಲಿ ಅದಕ್ಕೂ ಮೊದಲೇ ಸೂಪರ್‌ಸೀಡಿಯಸ್ ಅಂತ ಒಂದು ರಿಟ್ ಇತ್ತು. ನೀನು ಕೈ ತಡೆ, ಮುಂದುವರಿಯಬೇಡ ಎಂದು ಕೆಳಗಿನ ಕೋರ್ಟಿಗೋ ಶೆರೀಫನಿಗೋ ಕೊಡುವ ಅಪ್ಪಣೆ.

ಜೂನಿಯರ್: ನಮ್ಮ ಸ್ಟೇ ಆರ್ಡರೇ ಆಯಿತಲ್ಲ!

ಸೀನಿಯರ್: ಅದೇ. ಅಪೀಲು ಹಾಕಿದವನು ಡಿಕ್ರಿ ಜಾರಿಯಾಗದ ಹಾಗೆ ಭದ್ರತೆ ಕೊಡುವುದಕ್ಕೆ ಅಮೆರಿಕದ ವಕೀಲರು ಇವತ್ತಿಗೂ ಸೂಪರ್‌ಸೀಡಿಯಸ್ ಬಾಂಡ್ ಅನ್ನುತ್ತಾರೆ. ನಾವು 41ನೇ ಆರ್ಡರಿನ 5ನೇ ರೂಲಿನಲ್ಲಿ ಅರ್ಜಿ ಹಾಕಿ ಅದೇ ಕೆಲಸ ಮಾಡಿಸುತ್ತೇವೆ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಎಂಬ ಅರ್ಥ ಬಂದದ್ದು ಆಮೇಲೆ.

ಜೂನಿಯರ್: ನಮ್ಮ ದೇಶದಲ್ಲಿ ಈ ಶಬ್ದ ಅಂದರೆ ಮೊದಲು ನೆನಪಾಗುವುದು ಪ್ರಮೋಷನ್. ಆಫೀಸುಗಳಲ್ಲಿ, ನನ್ನನ್ನು ಸೂಪರ್‌ಸೀಡ್ ಮಾಡಿದರು ಅಂದರೆ ಮತ್ತೆ ವಿವರಿಸಬೇಕಾಗಿಲ್ಲ. ಮುಖ ನೋಡಿದರೆ ಸಾಕು.

ಸೀನಿಯರ್: ಆ ಶಬ್ದವನ್ನು ಮನೆಮನೆಗೆ ಮುಟ್ಟಿಸಿದ ಸಂಗತಿಯಲ್ಲಿ ನಮ್ಮ ಕಡೆಯವರೇ ಇದ್ದಾರೆ. 1973ರ ಏಪ್ರಿಲ್ 24, ಕೇಶವಾನಂದ ಭಾರತಿ ತೀರ್ಪು. ಅರ್ಜಿದಾರರು ಕಾಸರಗೋಡು ಹತ್ತಿರದ ಎಡನೀರು ಮಠದ ಸ್ವಾಮೀಜಿ. ಹದಿಮೂರು ನ್ಯಾಯಮೂರ್ತಿಗಳ ಪೀಠ, ಏಳು–ಆರರ ತೀರ್ಪು. ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟೂ ಮುಟ್ಟುವ ಹಾಗಿಲ್ಲ ಎಂದವರು ಏಳು ಜನ. ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ನಿವೃತ್ತಿಯಾಗಬೇಕಿತ್ತು. ಹಿರಿತನ ನೋಡಿದರೆ ಅವರ ನಂತರ ಶೆಲಟ್, ಆಮೇಲೆ ಕೆ. ಎಸ್. ಹೆಗ್ಡೆ, ಆಮೇಲೆ ಗ್ರೋವರ್. ಮೂವರೂ ಆ ಏಳರಲ್ಲಿ ಇದ್ದವರು. ಸರ್ಕಾರ ಮೂವರನ್ನೂ ಬಿಟ್ಟು ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಕೂರಿಸಿತು. ರೇ ಆ ಆರರಲ್ಲಿ ಒಬ್ಬರು.

ಜೂನಿಯರ್: ಹೆಗ್ಡೆಯವರು ಕಾರ್ಕಳ ತಾಲೂಕಿನವರು, ಕೌಡೂರು. ಅರ್ಜಿ ಹಾಕಿದವರೂ ಇಲ್ಲಿಯವರೇ, ಕುರ್ಚಿ ಕಳಕೊಂಡವರೂ ಇಲ್ಲಿಯವರೇ.

ಸೀನಿಯರ್: ಮೂವರೂ ರಾಜೀನಾಮೆ ಕೊಟ್ಟರು. ವಕೀಲರು ಊರೂರಲ್ಲಿ ಪ್ರತಿಭಟನೆ ಮಾಡಿದರು. ಸೂಪರ್‌ಸೆಷನ್ ಆಫ್ ಜಡ್ಜಸ್ ಅನ್ನುವುದು ಆವತ್ತಿನಿಂದ ನಮ್ಮ ದೇಶದಲ್ಲಿ ಒಂದು ಘಟನೆಯ ಹೆಸರೇ ಆಗಿಹೋಯಿತು. 1977ರ ಜನವರಿಯಲ್ಲಿ ಮತ್ತೊಮ್ಮೆ ಅದೇ ಆಯಿತು. ತುರ್ತುಪರಿಸ್ಥಿತಿಯಲ್ಲೂ ಬಂಧಿತನಿಗೆ ಕೋರ್ಟಿನ ಬಾಗಿಲು ಮುಚ್ಚಬಾರದು ಎಂದು ಎಡಿಎಂ ಜಬಲ್ಪುರ ಕೇಸಿನಲ್ಲಿ ಒಬ್ಬರೇ ಭಿನ್ನಮತ ಬರೆದ ಎಚ್. ಆರ್. ಖನ್ನಾ ಅವರನ್ನು ಬಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ಕೂಡ ರಾಜೀನಾಮೆ ಕೊಟ್ಟರು.

ಜೂನಿಯರ್: ಹೆಗ್ಡೆಯವರು ಆಮೇಲೆ ಸ್ಪೀಕರ್ ಆದರಲ್ಲ.

ಸೀನಿಯರ್: ಹೌದು, 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. ನಿಟ್ಟೆ ವಿದ್ಯಾಸಂಸ್ಥೆ ಕಟ್ಟಿದವರೂ ಅವರೇ. ಸರಿ, ಊರಿನ ಅಭಿಮಾನ ಸಾಕು. ನಿನ್ನ ಡ್ರಾಫ್ಟಿಗೆ ಬಾ. ಒಂಬತ್ತನೆಯ ಪ್ಯಾರಾದಲ್ಲಿ, ಹೈಕೋರ್ಟು ಕೆಳಗಿನ ಕೋರ್ಟಿನ ತೀರ್ಮಾನವನ್ನು ಸೂಪರ್‌ಸೀಡ್ ಮಾಡಿತು ಎಂದು ಬರೆದಿದ್ದೀ. ಇದು ನನಗೆ ಸಿಗಿಂತ ದೊಡ್ಡ ತಪ್ಪು. ಸಿಯನ್ನು ಟೈಪಿಸ್ಟ್ ತಿದ್ದುತ್ತಾನೆ, ಇದನ್ನು ಯಾರು ತಿದ್ದುವುದು?

ಜೂನಿಯರ್: ಮೇಲಿನ ಕೋರ್ಟು ಮೇಲೆ ಕೂತಿರುತ್ತದಲ್ಲ ಸರ್.

ಸೀನಿಯರ್: ಮೇಲೆ ಕೂತಿದ್ದರೂ ಅದು ಮಾಡುವುದು ಸೆಟ್ ಅಸೈಡ್, ಇಲ್ಲವೇ ರಿವರ್ಸ್. ಹನ್ನೊಂದರಲ್ಲಿ ಇನ್ನೊಂದು. ಸುತ್ತೋಲೆ ಕಾಯ್ದೆಯನ್ನು ಸೂಪರ್‌ಸೀಡ್ ಮಾಡಲಾರದು ಅಂತ. ನೀನು ಹೇಳಹೊರಟದ್ದು ಓವರ್‌ರೈಡ್. ಕಾಯ್ದೆಯನ್ನು ಏಳಿಸಿ ಆ ಜಾಗದಲ್ಲಿ ಸುತ್ತೋಲೆಯನ್ನು ಕೂರಿಸಲು ಯಾರೂ ಹೋಗಲಿಲ್ಲ, ಕಾಯ್ದೆ ಇದ್ದ ಹಾಗೆಯೇ ಅದನ್ನು ಮೀರಲು ನೋಡಿದರು. ಕರಾರಿನಲ್ಲಾದರೆ ಸರಿ. ಹಿಂದಿನ ಎಲ್ಲ ಮಾತುಕತೆಯನ್ನೂ ಪತ್ರವ್ಯವಹಾರವನ್ನೂ ಈ ಕರಾರು ಸೂಪರ್‌ಸೀಡ್ ಮಾಡುತ್ತದೆ ಎಂದು ಬರೆಯುತ್ತೇವೆ. ಅಲ್ಲಿ ಹಳೆಯದು ಎದ್ದಿತು, ಹೊಸದು ಕೂತಿತು.

ಜೂನಿಯರ್: ನಮ್ಮ ಈ ಅರ್ಜಿಯ ಸೊಸೈಟಿಯ ಆಡಳಿತ ಮಂಡಳಿಯ ವಿಷಯದಲ್ಲಿ?

ಸೀನಿಯರ್: ಅಲ್ಲಿಯೂ ಸರಿ. ಸಹಕಾರ ಸಂಘಗಳ ಕಾಯ್ದೆ 1959ರ 30ನೇ ಸೆಕ್ಷನ್ನಿನ ತಲೆಬರಹವೇ ಅದು. ಡೈರೆಕ್ಟರುಗಳನ್ನು ಇಳಿಸುವುದು, ಅವರ ಜಾಗದಲ್ಲಿ ಆಡಳಿತಾಧಿಕಾರಿಯನ್ನು ಕೂರಿಸುವುದು. ಸಸ್ಪೆಂಡ್ ಆದರೆ ಮರಳಿ ಬಂದು ಅದೇ ಕುರ್ಚಿಯಲ್ಲಿ ಕೂರುವ ಆಸೆ ಇಟ್ಟುಕೊಳ್ಳಬಹುದು. ಸೂಪರ್‌ಸೀಡ್ ಆದರೆ ಅಲ್ಲಿ ಬೇರೆಯವರು ಕೂತಾಗಿರುತ್ತದೆ.

ಜೂನಿಯರ್: ನಮ್ಮ ಕಡೆಯ ಪೇಪರಿನವರು, ಆಡಳಿತ ಮಂಡಳಿ ಸೂಪರ್‌ಸೀಡ್ ಅಂತಲೇ ಹಾಕುತ್ತಾರೆ. ಕನ್ನಡದಲ್ಲಿ ಬರೆದರೆ ಸುಖ ನೋಡಿ ಸರ್. ಎಸ್ಸಾದರೂ ಸಕಾರವೇ, ಸಿಯಾದರೂ ಸಕಾರವೇ. ಸಿಕ್ಕಿಹಾಕಿಕೊಳ್ಳುವ ಭಯವೇ ಇಲ್ಲ. ಒಂದೇ ತೊಂದರೆ, ಬೀಜದಂಗಡಿಯ ಜಾಹೀರಾತಿನ ಹಾಗೆ ಕೇಳಿಸುತ್ತದೆ. ನಮ್ಮ ಅಜ್ಜಿ ಒಮ್ಮೆ ಕೇಳಿಯೇಬಿಟ್ಟರು, ಯಾವ ತಳಿಯದ್ದು ಅಂತ.

ಸೀನಿಯರ್: ಕನ್ನಡದಲ್ಲಿ ಭಯ ಇಲ್ಲವಾ? ನಿನ್ನ ಹಿಂದಿನ ಪ್ರಮಾಣಪತ್ರದ ಕೊನೆಯ ಪುಟ ತೆಗೆ. ದೃಢೀಕರಣ ಹೇಗೆ ಬರೆದಿದ್ದೀ?

ಜೂನಿಯರ್: ಅಯ್ಯೋ. ಧೃಡೀಕರಣ. ಹೊಟ್ಟೆ ಸೀಳಿದ್ದು ಮೊದಲಿನ ಅಕ್ಷರಕ್ಕೆ.

ಸೀನಿಯರ್: ಎಷ್ಟೋ ರಬ್ಬರ್ ಸ್ಟಾಂಪುಗಳಲ್ಲೇ ಹಾಗಿರುತ್ತದೆ. ಮಹಾಪ್ರಾಣ ಇರಬೇಕಾದ್ದು ಢಕಾರಕ್ಕೆ. ಒಂದು ಮಹಾಪ್ರಾಣ ಎಲ್ಲೋ ಉಂಟು ಎಂದು ಕೈಗೆ ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಮೊದಲು ಸಿಕ್ಕಿದ ಅಕ್ಷರದ ಮೇಲೆ ಹೇರಿಬಿಡುತ್ತದೆ. ವಿಧ್ಯಾರ್ಥಿ ಅಂತ ಬರೆಯುವವರೂ ಹಾಗೆಯೇ, ಕೊನೆಯ ಥಕಾರದ ಉಸಿರನ್ನು ನಡುವೆಯೂ ಒಮ್ಮೆ ಬಿಡುತ್ತಾರೆ. ಇದು ದಡ್ಡತನದಿಂದ ಆಗುವ ತಪ್ಪಲ್ಲ. ನೀನು ಸಿ ಹಾಕಿದ್ದೂ ಹಾಗೆಯೇ. ಅಕ್ಕಪಕ್ಕದವರನ್ನೆಲ್ಲ ನೋಡಿ, ಇವನೂ ಅದೇ ಮನೆಯವನು ಎಂದು ತಿಳಿದೆ. ಏನೂ ಓದದವನಿಗೆ ಪ್ರಿಸೀಡ್, ಕನ್ಸೀಡ್ ಎಲ್ಲ ನೆನಪಿಗೇ ಬರುವುದಿಲ್ಲ. ಇಂಥ ತಪ್ಪು ಮಾಡಲೂ ಒಂದಷ್ಟು ಓದಿರಬೇಕು.

ಜೂನಿಯರ್: ಹಾಗಿದ್ದರೆ ಬಿಟ್ಟುಬಿಡಬಹುದಲ್ಲ. ಓದಿದವರಿಗೆ ಅರ್ಥ ಆಗುತ್ತದೆ.

ಸೀನಿಯರ್: ವಾಟ್ಸಾಪಿನಲ್ಲಿ ಬಿಡು, ನಾನು ಕೇಳುವುದಿಲ್ಲ. ಇಲ್ಲಿ ಬೇಡ. ಅರ್ಜಿ ಓದುವವರು ಬೆಳಗ್ಗಿನಿಂದ ನೂರು ಫೈಲು ನೋಡಿರುತ್ತಾರೆ. ಇದರಲ್ಲಿ ಶಬ್ದವೇ ತಪ್ಪು ಎಂದು ಕಂಡರೆ, ತಾರೀಖು ಸರಿಯಾ, ಸೆಕ್ಷನ್ ಸರಿಯಾ ಎಂದು ಹುಡುಕಲು ಶುರು ಮಾಡುತ್ತಾರೆ. ಆ ಅನುಮಾನವನ್ನು ನಾವಾಗಿಯೇ ಯಾಕೆ ಕೊಡಬೇಕು?

ಜೂನಿಯರ್: ಎಲ್ಲ ಕಡೆ ಒಮ್ಮೆಗೇ ಬದಲಾಯಿಸುತ್ತೇನೆ. ಸರ್, ಒಂದು ತೊಂದರೆ. ಆರನೇ ಪುಟದಲ್ಲಿ ಸೊಸೈಟಿಯ ಮಂಡಳಿಯನ್ನು ಇಳಿಸಿದ ಅಧಿಕಾರಿಯ ಆದೇಶವನ್ನೇ ಎತ್ತಿ ಬರೆದಿದ್ದೇನೆ. ಇಲ್ಲಿ ನೋಡಿ, ಅದರಲ್ಲೂ ಸಿಯೇ!

ಸೀನಿಯರ್: ಹೌದಲ್ಲ! ನೀನು ಅದನ್ನು ನೋಡಿಯೇ ಹಾಕಿದ್ದಾ ಮತ್ತೆ?

ಜೂನಿಯರ್: ಇಲ್ಲ, ನನ್ನದು ಸ್ವಂತದ್ದು. ಇದನ್ನು ಎಂತ ಮಾಡುವುದು? ತಿದ್ದಿದರೆ ಮೂಲಕ್ಕೆ ಹೊಂದುವುದಿಲ್ಲ.

ಸೀನಿಯರ್: ಉದ್ಧರಣೆಯ ಒಳಗೆ ಇದ್ದ ಹಾಗೆಯೇ ಇರಲಿ. ಅಕ್ಷರ ಕೂಡ ಬದಲಾಯಿಸಬೇಡ.

ಜೂನಿಯರ್: ಪಕ್ಕದಲ್ಲಿ ಸಿಕ್ ಅಂತ ಹಾಕಲಾ? ಮೂಲದಲ್ಲೇ ಹಾಗುಂಟು, ತಪ್ಪು ನಮ್ಮದಲ್ಲ ಅಂತ ಗೊತ್ತಾಗುತ್ತದೆ.

ಸೀನಿಯರ್: ಬೇಡ. ಹಾಕಿದರೆ ಅಧಿಕಾರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಾವು ನಗಾಡಿದ ಹಾಗೆ ಕಾಣುತ್ತದೆ. ಕಾಗುಣಿತ ತಪ್ಪಿದ್ದಕ್ಕೆ ಯಾವ ಆದೇಶವೂ ಬಿದ್ದುಹೋಗುವುದಿಲ್ಲ. ಬೀಳುವುದಿದ್ದರೆ ಅದು ನೋಟಿಸಿನ ವಿಷಯದಲ್ಲಿ. ಆಕ್ಷೇಪ ಹೇಳಲು ಅವಕಾಶ ಕೊಟ್ಟಿದ್ದಾರಾ ಇಲ್ಲವಾ? ಎಸ್. ಎಲ್. ಕಪೂರ್ ತೀರ್ಪು ಹಾಕಿದ್ದೀಯಲ್ಲ?

ಜೂನಿಯರ್: ಹಾಕಿದ್ದೇನೆ. 1980ರ ಸುಪ್ರೀಂ ಕೋರ್ಟ್ ತೀರ್ಪು, ನವದೆಹಲಿ ಮುನಿಸಿಪಲ್ ಕಮಿಟಿಯದ್ದು. ಸೂಪರ್‌ಸೀಡ್ ಮಾಡುವ ಮೊದಲು ಅವರ ಮಾತು ಕೇಳಬೇಕಿತ್ತು ಎಂದದ್ದು.

ಸೀನಿಯರ್: ನಮ್ಮಲ್ಲಿ ನೋಟಿಸಿನ ತಾರೀಖು?

ಜೂನಿಯರ್: ನೋಟಿಸಿನ ಮೇಲೆ ಮೂರನೇ ತಾರೀಖು. ಆದೇಶ ಆದದ್ದು ಹನ್ನೊಂದಕ್ಕೆ. ಆದರೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಅಧ್ಯಕ್ಷರ ಕೈಗೆ ಬಂದದ್ದು ಹನ್ನೆರಡಕ್ಕೆ. ಕವರಿನ ಮೇಲೆ ಮುದ್ರೆ ಉಂಟಂತೆ.

ಸೀನಿಯರ್: ಇಳಿಸಿದ ಮರುದಿನ, ಯಾಕೆ ಇಳಿಸಬಾರದು ಎಂದು ಕೇಳಿದ್ದಾರೆ! ಇದನ್ನು ನೀನು ಹದಿನಾಲ್ಕನೇ ಪ್ಯಾರಾಕ್ಕೆ ಹಾಕಿದ್ದೀಯಲ್ಲ, ಮೊದಲನೇ ಗ್ರೌಂಡ್ ಮಾಡು. ಆ ಕವರು ಎಲ್ಲಿದೆ?

ಜೂನಿಯರ್: ಅಧ್ಯಕ್ಷರ ಮನೆಯಲ್ಲಿ. ಅವರ ಮೊಮ್ಮಗ ಸ್ಟಾಂಪಿಗೋಸ್ಕರ ತೆಗೆದಿಟ್ಟಿದ್ದಾನಂತೆ.

ಸೀನಿಯರ್: ಈಗಲೇ ಫೋನ್ ಮಾಡು. ಅವನು ಕತ್ತರಿ ಹಾಕುವ ಮೊದಲು ಕವರು ಇಲ್ಲಿಗೆ ಬರಬೇಕು.